ಮೌನದ ಅನೌನ್ಸ್‌ಮೆಂಟ್

ಆ ಸೀಟು ಅವಳಿಗೆ ಸಿಕ್ಕಿದ್ದು ಅದು ಬೇರೆ ಯಾರಿಗೂ ಬೇಡವಾಗಿದ್ದರಿಂದ. ಯೂನಿವರ್ಸಿಟಿಯ ನಾಟಕ ವಿಭಾಗದಲ್ಲಿ ಆ ವರ್ಷ ಪಿಎಚ್‌ಡಿಗೆ ಖಾಲಿ ಉಳಿದಿದ್ದ ವಿಷಯ ಒಂದೇ: ಸಮಕಾಲೀನ ಸ್ಕ್ಯಾಂಡಿನೇವಿಯನ್ ನಾಟಕ. ಅರ್ಜಿ ಹಾಕುವಾಗ ನಾರ್ವೆ ಸ್ವೀಡನ್ನಿನ ಎಡಕ್ಕಿದೆಯೋ ಬಲಕ್ಕಿದೆಯೋ ಅವಳಿಗೆ ಗೊತ್ತಿರಲಿಲ್ಲ. ಅದಕ್ಕೂ ಮುಂಚೆ ಕೆಲವು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬರುವ, ಹೋಗುವ, ಬರದೇ ಇರುವ ಸುದ್ದಿಯನ್ನು ಮೈಕಿನಲ್ಲಿ ಹೇಳುವ ಕೆಲಸ ಮಾಡುತ್ತಿದ್ದಳು. ಒಂದು ದಿನ ಅವಳ ಧ್ವನಿಯನ್ನು ತುಂಡು ತುಂಡಾಗಿ ರೆಕಾರ್ಡ್ ಮಾಡಿಕೊಂಡರು. ಊರಿನ ಹೆಸರು ಬೇರೆ, ನಂಬರು ಬೇರೆ, ‘ತಡವಾಗಿ ಬರಲಿದೆ’ ಎನ್ನುವುದು ಬೇರೆ. ಎಲ್ಲ ಕಂಪ್ಯೂಟರಿಗೆ ತುಂಬಿದ ಮೇಲೆ ಧ್ವನಿಯನ್ನು ಇಟ್ಟುಕೊಂಡು ಅವಳನ್ನು ಮನೆಗೆ ಕಳಿಸಿದರು. ಸಂಜೆ ಕಾಲೇಜಿನಲ್ಲಿ ಮಾಡಿಕೊಂಡಿದ್ದ ಎಂ.ಎ. ಆಗ ಕೈಹಿಡಿಯಿತು. ವಿಭಾಗದ ಚಿಕ್ಕ ಹುಡುಗರು ಅವಳ ಕಥೆ ಕೇಳಿ ‘ಪ್ಲಾಟ್‌ಫಾರಂ ಅಕ್ಕ’ ಎಂದು ಹೆಸರಿಟ್ಟರು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಆ ವಿಭಾಗದಲ್ಲಿ ಅಡ್ಡಹೆಸರಿಲ್ಲದವರೇ ಇರಲಿಲ್ಲ.

ಅವಳ ಗೈಡಿಗೆ ಉತ್ತರ ಧ್ರುವ ಎಂದು ಹೆಸರು. ಕೋ-ಗೈಡಿಗೆ ದಕ್ಷಿಣ ಧ್ರುವ. ಇಬ್ಬರೂ ಪ್ರೊಫೆಸರರು, ಇಬ್ಬರೂ ಸ್ಕ್ಯಾಂಡಿನೇವಿಯನ್ ನಾಟಕದಲ್ಲೇ ಪಂಡಿತರು, ಮೇಲಾಗಿ ಗಂಡ ಹೆಂಡತಿ. ಒಂದೇ ಮನೆಯಲ್ಲಿದ್ದರು, ಒಂದೇ ಕಾರಿನಲ್ಲಿ ಬರುತ್ತಿದ್ದರು. ಸಾರ್ ಕಾರು ಓಡಿಸಿದರೆ ಮೇಡಂ ಬಾಡಿಗೆ ಗಾಡಿಯಲ್ಲಿ ಕೂತವರ ಹಾಗೆ ಹಿಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದರು. ಒಬ್ಬರ ಜೊತೆ ಒಬ್ಬರು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮನೆಗೆ ಬಳಿಸಿದ ಬಣ್ಣದ ವಿಷಯಕ್ಕೆ ಶುರುವಾಯಿತು ಎಂದು ಕೆಲವರು, ಬಡ್ತಿಯ ವಿಷಯಕ್ಕೆ ಎಂದು ಕೆಲವರು. ಆಫೀಸಿನ ಗುಮಾಸ್ತೆ ಮಾತ್ರ, ಅವರು ನಾಟಕ ಓದಿ ಓದಿ ಹಾಗಾದರು ಎನ್ನುತ್ತಿದ್ದಳು.

ಸಾರ್ ಬರೆದ ‘ಮೌನದ ಹಿಮರೇಖೆ’ ಎಂಬ ಪುಸ್ತಕ ಆ ವಿಭಾಗದ ಮೂಲ ಗ್ರಂಥ. ಆ ದೇಶಗಳ ನಾಟಕಗಳಲ್ಲಿ ಪಾತ್ರಗಳು ಒಂದು ಮಾತಾಡಿ ಸುಮ್ಮನಾಗುತ್ತವಲ್ಲ, ಆ ಸುಮ್ಮನಿರುವಿಕೆಯ ಒಳಗೆ ವಿಶ್ವದ ಮಹಾ ಶೂನ್ಯವೇ ಅಡಗಿದೆ ಎಂಬುದು ಅದರ ಸಾರಾಂಶ. ನಾರ್ವೆಯ ಭಾಷೆಯಲ್ಲಿ ಸಾರ್‌ಗೆ ಬರುತ್ತಿದ್ದದ್ದು ‘ಧನ್ಯವಾದ’ ಒಂದೇ. ಉಳಿದದ್ದೆಲ್ಲ ಇಂಗ್ಲಿಷ್ ಅನುವಾದದಿಂದ ಓದಿದ್ದು. ಯಾರೋ ಅದನ್ನು ಎತ್ತಿ ಆಡಿದಾಗ, ಮೌನಕ್ಕೆ ಅನುವಾದ ಬೇಕಿಲ್ಲವಲ್ಲ ಎಂದಿದ್ದರಂತೆ. ಆ ಮಾತೂ ಪುಸ್ತಕದ ಎರಡನೆಯ ಮುದ್ರಣದಲ್ಲಿ ಸೇರಿಕೊಂಡಿತು.

ಆ ಪುಸ್ತಕ ಬಂದಾಗಿನಿಂದ ಮೇಡಂ ಮೌನವನ್ನು ಪಾಠ ಮಾಡುವುದಿಲ್ಲ ಎಂದು ಬರೆದು ಕೊಟ್ಟುಬಿಟ್ಟಿದ್ದರು. ಆದ್ದರಿಂದ ಒಂದೇ ನಾಟಕ ಎರಡು ಕ್ಲಾಸಿನಲ್ಲಿ ನಡೆಯುತ್ತಿತ್ತು. ಆವರಣ ಚಿಹ್ನೆಯ ಒಳಗೆ ‘ಮೌನ’ ಎಂದು ಅಚ್ಚಾಗಿದ್ದದ್ದು ಸಾರ್ ಪಾಲು, ಹೊರಗಿದ್ದದ್ದು ಮೇಡಂ ಪಾಲು. ಅಣ್ಣತಮ್ಮಂದಿರು ಮನೆ ನಡುವೆ ಗೋಡೆ ಎಬ್ಬಿಸಿಕೊಂಡ ಹಾಗೆ. ವಿದ್ಯಾರ್ಥಿಗಳು ಸೋಮವಾರ ಮಾತು ಕಲಿತು ಬುಧವಾರ ಸುಮ್ಮನಿರುವುದನ್ನು ಕಲಿಯುತ್ತಿದ್ದರು.

ಇಬ್ಬರ ಕೋಣೆಯೂ ಕಾರಿಡಾರಿನ ಎದುರುಬದುರು. ನಡುವೆ ಓಡಾಡುವ ಕೆಲಸ ಪ್ಲಾಟ್‌ಫಾರಂ ಅಕ್ಕನ ಪಾಲಿಗೆ ಬಂತು. ಮೊದಮೊದಲು ಪ್ರಬಂಧದ ವಿಷಯವೇ ಇತ್ತು. ಸಾರ್ ಅವಳ ಅಧ್ಯಾಯದ ಅಂಚಿನಲ್ಲಿ ‘ಮಾತು ಹೆಚ್ಚಾಯಿತು’ ಎಂದು ಬರೆದರೆ, ಮೇಡಂ ಅದರ ಕೆಳಗೇ ‘ಇಲ್ಲಿ ಯಾಕೆ ಬಾಯಿ ಮುಚ್ಚಿಕೊಂಡೆ?’ ಎಂದು ಕೆಂಪಿನಲ್ಲಿ ಬರೆಯುತ್ತಿದ್ದರು. ಬರುಬರುತ್ತಾ ಸಂಸಾರವೂ ಅವಳ ತಲೆಗೇ ಬಂತು. ಬಾತ್‌ರೂಮಿನ ಬಲ್ಬು ಹೋಗಿದೆ ಎಂದು ಈ ಕೋಣೆಯಿಂದ ಆ ಕೋಣೆಗೆ ಹೇಳಬೇಕು. ಎಷ್ಟು ವ್ಯಾಟಿನದು ಎಂದು ಆ ಕೋಣೆಯಿಂದ ಈ ಕೋಣೆಗೆ ಕೇಳಬೇಕು. ಅವರ ಮಗ ಫೋನ್ ಮಾಡಿದರೆ ಮೊದಲರ್ಧ ಸುದ್ದಿ ಅಮ್ಮನಿಗೆ, ಉಳಿದರ್ಧ ಅಪ್ಪನಿಗೆ. ಎರಡನ್ನೂ ಸೇರಿಸಿ ಹೊಲಿಯುವುದು ಇವಳ ಕೆಲಸ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಕೂಸು ಇವಳೇ, ವಯಸ್ಸು ಮೂವತ್ತು ದಾಟಿತ್ತು, ಅಷ್ಟೇ ವ್ಯತ್ಯಾಸ.

ಮನೆಯಲ್ಲಿ ಅವಳ ಓದು ಯಾರಿಗೂ ಅರ್ಥವಾಗಿರಲಿಲ್ಲ. ಎರಡೇ ಕೋಣೆಯ ಮನೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಅಪ್ಪ, ಹೊಲಿಗೆ ಮಾಡುವ ಅಮ್ಮ, ಅಣ್ಣ, ಅತ್ತಿಗೆ, ಅವರ ಅವಳಿ ಹೆಣ್ಣುಮಕ್ಕಳು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು, ಎಲ್ಲರಿಗೂ ಎಲ್ಲವೂ ಕೇಳಿಸುತ್ತಿತ್ತು. ನೆಂಟರು ಕೇಳಿದರೆ ಅಮ್ಮ, “ಚಳಿ ದೇಶದವರು ಯಾಕೆ ಮಾತಾಡಲ್ಲ ಅಂತ ಕಂಡುಹಿಡೀತಿದ್ದಾಳೆ” ಎನ್ನುತ್ತಿದ್ದಳು. ಹಲ್ಲು ಕಟಕಟ ಅನ್ನೋವಾಗ ಏನು ಮಾತಾಡ್ತಾರೆ ಎಂದು ಅಪ್ಪ ಅಲ್ಲಿಗೇ ಸಂಶೋಧನೆ ಮುಗಿಸುತ್ತಿದ್ದರು.

ಒಮ್ಮೆ ಅವಳು ಮನೆಯಲ್ಲೂ ಮೌನವನ್ನು ಪ್ರಯೋಗಿಸಿ ನೋಡಿದಳು. ಯಾವುದೋ ಮಾತಿಗೆ ಸಿಟ್ಟು ಬಂದು, ನಾಟಕದ ಹೆಂಗಸಿನ ಹಾಗೆ ಎದ್ದು ಗೋಡೆ ಕಡೆ ಮುಖ ಮಾಡಿ ನಿಂತಳು. ಗೋಡೆಗೆ ಒರಗಿಸಿದ್ದ ಇಸ್ತ್ರಿ ಮೇಜು ಬೇಕೆಂದು ಅತ್ತಿಗೆ ಪಕ್ಕಕ್ಕೆ ಸರಿ ಎಂದಳು. ಸರಿದಳು. ಅಲ್ಲಿ ಅಪ್ಪನ ಕಾಲು. “ಕಾಲು ತೆಗಿ ಅಪ್ಪ” ಎನ್ನಲೇಬೇಕಾಯಿತು. ಹಾಗೆ ಅಂದ ಮೇಲೆ ಮೌನ ಎಲ್ಲಿ ಉಳಿಯಿತು?

ಅವಳ ಮೂರನೆಯ ವರ್ಷದಲ್ಲಿ ವಿಭಾಗಕ್ಕೆ ದೊಡ್ಡ ಸುದ್ದಿ ಬಂತು. ನಾರ್ವೆಯ ಒಬ್ಬ ನಾಟಕಕಾರ, ಸಾರ್ ತಮ್ಮ ಪುಸ್ತಕದಲ್ಲಿ ಮೂರು ಅಧ್ಯಾಯ ಕೊಟ್ಟಿದ್ದವರು, ಈ ಕಡೆಯ ಪ್ರವಾಸದಲ್ಲಿ ಒಂದು ಸಂಜೆ ಯೂನಿವರ್ಸಿಟಿಗೆ ಬರಲು ಒಪ್ಪಿದ್ದರು. ವಿಭಾಗದ ಮುಖ್ಯಸ್ಥರಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. ಅವರು ಗ್ರೀಕ್ ನಾಟಕ ಓದಿದವರು. ಹುಡುಗರು ಅವರನ್ನು ಗ್ರೀಕ್ ಸರ್ ಎನ್ನುತ್ತಿದ್ದರು. ಗ್ರೀಕ್ ನಾಟಕದಲ್ಲಿ ಕಣ್ಣು ಕಿತ್ತುಕೊಂಡವನೂ ಪುಟಗಟ್ಟಲೆ ಮಾತಾಡುತ್ತಾನೆ. ಈ ಚಳಿ ಜನ ದೋಣಿ ಮಾರುವುದಕ್ಕೂ ಬಾಯಿ ಬಿಡುವುದಿಲ್ಲ ಎಂಬುದು ಅವರ ಹಳೆಯ ದೂರು. ಆದರೂ ಅತಿಥಿಯ ಎದುರು ಅವರದೇ ನಾಟಕ ಆಡಿಸಬೇಕೆಂದು ತೀರ್ಮಾನವಾಯಿತು. ಆಯ್ಕೆಯಾದದ್ದು ದೋಣಿ ಮಾರುವ ನಾಟಕವೇ. ಸಮುದ್ರದ ಪಕ್ಕದ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಮೇಜಿನ ಎರಡು ಕೊನೆಯಲ್ಲಿ ಕೂತು, ಹಳೆಯ ದೋಣಿಯನ್ನು ಮಾರುವುದೋ ಬೇಡವೋ ಎಂದು ಯೋಚಿಸುತ್ತಾರೆ. ಕೊನೆಗೂ ಮಾರುವುದಿಲ್ಲ. ಅಷ್ಟೇ ಕಥೆ.

ನಿರ್ದೇಶನ ಸಾರ್‌ದು. ಸಂಭಾಷಣೆಯ ಉಚ್ಚಾರ ತಿದ್ದುವುದು ಮೇಡಂ. ಅವಳಿಗೆ ಸಿಕ್ಕಿದ ಕೆಲಸವನ್ನು ಅವಳು ಮನೆಯಲ್ಲಿ ಹೇಳಿದಾಗ ಅತ್ತಿಗೆ ನಂಬಲಿಲ್ಲ. ನಟರು ಸುಮ್ಮನಾದರೆ ಮಾತು ಮರೆತರು ಎಂದು ಜನ ತಿಳಿದುಕೊಂಡಾರು ಎಂದು ಸಾರ್‌ಗೆ ಭಯ. ಆದ್ದರಿಂದ ರಂಗದ ಪಕ್ಕದಲ್ಲಿ ಮೈಕ್ ಹಿಡಿದು ನಿಂತು, ಎಲ್ಲೆಲ್ಲಿ ‘ಮೌನ’ ಎಂದಿದೆಯೋ ಅಲ್ಲಲ್ಲಿ ‘ಮೌನ’ ಎಂದೂ, ‘ದೀರ್ಘ ಮೌನ’ ಎಂದಿರುವಲ್ಲಿ ‘ದೀರ್ಘ ಮೌನ’ ಎಂದೂ ಅವಳು ಘೋಷಿಸಬೇಕು. ಮೊದಲ ರಿಹರ್ಸಲಿನಲ್ಲಿ ಅವಳು ಬಾಯಿ ತೆರೆದ ಕೂಡಲೇ ಹುಡುಗರೆಲ್ಲ ಪ್ಲಾಟ್‌ಫಾರಂ ನಂಬರ್ ಎಷ್ಟು ಎಂದು ಕೇಳಿ ಬಿದ್ದು ಬಿದ್ದು ನಕ್ಕರು. ಸಾರ್ ಮಾತ್ರ ಕಣ್ಣು ಮುಚ್ಚಿಕೊಂಡು, ನಿನ್ನ ಧ್ವನಿಯಲ್ಲಿ ಒಂದು ನಿರ್ಜನತೆ ಇದೆ ಎಂದು ಹೊಗಳಿದರು. ಜನ ತುಂಬಿದ ಸ್ಟೇಷನ್ನಿನಲ್ಲಿ ಪಳಗಿದ ಧ್ವನಿಗೆ ಆ ಮಾತು ಕೇಳಿ ಏನನ್ನಿಸಿತೋ.

ಗಂಡ ಹೆಂಡತಿಯ ಪಾತ್ರಕ್ಕೆ ಎರಡನೇ ವರ್ಷದ ಎಂ.ಎ.ಯ ಒಬ್ಬ ಹುಡುಗ, ಒಬ್ಬಳು ಹುಡುಗಿ. ತಲೆಗೆ ಬಿಳಿ ಪೌಡರ್ ಹಾಕಿಕೊಂಡು ವಾರಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದೆ ಕೂತರು. ದಾಂಪತ್ಯ ಹೇಗೆ ತಣ್ಣಗಾಗಿ ಕಲ್ಲಾಗುತ್ತದೆ ಎಂದು ಸಾರ್ ದಿನಾ ವಿವರಿಸಿದರು. ಪ್ರದರ್ಶನಕ್ಕೆ ಎರಡು ದಿನ ಇರುವಾಗ ಆ ಹುಡುಗ ಹುಡುಗಿ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮದುವೆಯಾಗಿ, ಇಬ್ಬರ ಮನೆಯವರಿಗೂ ಸಿಗದ ಹಾಗೆ ಊರು ಬಿಟ್ಟರು.

ಗ್ರೀಕ್ ಸರ್ ತಲೆ ಮೇಲೆ ಕೈ ಹೊತ್ತು ಕೂತರು. ಎರಡು ದಿನದಲ್ಲಿ ಆ ಮಾತುಗಳನ್ನು, ಅದಕ್ಕಿಂತ ಹೆಚ್ಚಾಗಿ ಆ ಮೌನಗಳನ್ನು, ಬಾಯಿಪಾಠ ಮಾಡುವವರು ಯಾರು? ಬಾಯಿಪಾಠ ಆಗಿದ್ದವರು ಇಬ್ಬರೇ. ರಿಹರ್ಸಲಿನ ಹಾಲಿನಲ್ಲಿ ಸಾರ್ ಈ ಮೂಲೆ, ಮೇಡಂ ಆ ಮೂಲೆಯಲ್ಲಿ ಕೂತು ತುಟಿ ಆಡಿಸುತ್ತಿದ್ದದ್ದನ್ನು ಅವಳು ದಿನಾ ನೋಡಿದ್ದಳು. ಇದನ್ನು ಗ್ರೀಕ್ ಸರ್‌ಗೆ ಹೇಳಿದ್ದೇ ತಪ್ಪಾಯಿತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಹಾಗೆ, ಒಪ್ಪಿಸುವ ಕೆಲಸವನ್ನೂ ಅವಳಿಗೇ ಹಚ್ಚಿದರು.

ಅವಳು ಮೊದಲು ಮೇಡಂ ಕೋಣೆಗೆ ಹೋದಳು. ಈ ಪಾತ್ರ ಮಾಡುವ ಯೋಗ್ಯತೆ ಇರುವುದು ನಿಮಗೊಬ್ಬರಿಗೇ ಎಂದು ಸಾರ್ ಅಂದರು ಎಂದಳು. ಮೇಡಂ ಕನ್ನಡಕ ತೆಗೆದು ಒರೆಸಿದರು. ನಿಜವಾಗಿ ಹಾಗಂದರಾ ಎಂದು ಎರಡು ಸಲ ಕೇಳಿದರು. ಅವಳು ಎರಡು ಸಲವೂ ಹೌದೆಂದಳು. ಆಮೇಲೆ ಕಾರಿಡಾರ್ ದಾಟಿ, ಎದುರಿಗೆ ಸಾರ್ ಕೂತರೆ ಮಾತ್ರ ತಾವು ಕೂರುವುದು, ಬೇರೆ ಯಾರ ಜೊತೆಯೂ ಆ ಮೌನ ಹುಟ್ಟುವುದಿಲ್ಲ ಎಂದು ಮೇಡಂ ಅಂದರು ಎಂದಳು. ಸಾರ್ ಬಹಳ ಹೊತ್ತು ಮೇಜಿನ ಮೇಲಿನ ಕಾಗದ ಸರಿಮಾಡಿದರು, ಆಮೇಲೆ ಯಾವ ಬಣ್ಣದ ಸ್ವೆಟರ್ ಎಂದು ಕೇಳಿದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಿಸು ಅನ್ನುತ್ತಾರೆ. ಮದುವೆಯಾಗಿ ಹಳತಾದವರನ್ನು ಒಂದೇ ಮೇಜಿಗೆ ಕೂರಿಸಲು ಅವಳಿಗೆ ಎರಡೇ ಸಾಕಾದವು. ಮನಸ್ಸಿಗೆ ಹಿತವಾಗಲಿಲ್ಲ, ಆದರೆ ಕೆಲಸ ಆಯಿತು.

ಪ್ರದರ್ಶನದ ಸಂಜೆ ಹಾಲ್ ತುಂಬಿತ್ತು. ನಾಟಕಕಾರರು ಮುಂದಿನ ಸಾಲಿನ ನಡುವೆ ಕೂತಿದ್ದರು. ಉದ್ದ ಮನುಷ್ಯ, ವಿಪರೀತ ನೆಗಡಿ. ಪಕ್ಕದಲ್ಲಿ ಅವರ ಕಿವಿಗೆ ಅರ್ಥ ಹೇಳಲು ಒಬ್ಬ ದುಭಾಷಿ. ಪರದೆ ಎದ್ದಿತು. ಮೇಜಿನ ಆ ಕೊನೆಯಲ್ಲಿ ಬೂದು ಸ್ವೆಟರಿನ ಸಾರ್, ಈ ಕೊನೆಯಲ್ಲಿ ಕಪ್ಪು ಶಾಲಿನ ಮೇಡಂ. ಮೇಕಪ್ಪಿನ ಅಗತ್ಯವೇ ಬಿದ್ದಿರಲಿಲ್ಲ.

“ದೋಣಿ ಅಲ್ಲೇ ಇದೆ” ಎಂದರು ಮೇಡಂ.

“ಮೌನ” ಎಂದಳು ಅವಳು ಮೈಕಿನಲ್ಲಿ.

“ಹೌದು” ಎಂದರು ಸಾರ್.

“ದೀರ್ಘ ಮೌನ.”

ಹೀಗೇ ಒಂದು ಹತ್ತು ನಿಮಿಷ ಚೆನ್ನಾಗಿ ಸಾಗಿತು. ಪತ್ರಿಕೆಯ ವಿಮರ್ಶಕರು ಏನೋ ಬರೆದುಕೊಂಡು, ಇನ್ನೊಂದು ಕಾರ್ಯಕ್ರಮಕ್ಕೆ ಹೋಗಬೇಕೆಂದು ಎದ್ದುಹೋದರು. ಅದಾದ ಮೇಲೆ ಮೇಡಂ ‘ಯಾರಾದರೂ ಕೊಳ್ಳುತ್ತಾರೆ’ ಎನ್ನಬೇಕಿತ್ತು. ಅನ್ನಲಿಲ್ಲ. ತಲೆಯೆತ್ತಿ ಗಂಡನ ಮುಖವನ್ನು ನೆಟ್ಟಗೆ ನೋಡಿದರು. ನಾಟಕದಲ್ಲಿ ಹೆಂಡತಿ ಗಂಡನನ್ನು ಒಮ್ಮೆಯೂ ನೋಡುವ ಹಾಗಿಲ್ಲ.

“ದೋಣಿ ಯಾರದ್ದು?” ಎಂದರು.

ಮಾತು ಮರೆತರೆಂದುಕೊಂಡು ಸಾರ್ ಮೆಲ್ಲಗೆ ಸರಿಯಾದ ವಾಕ್ಯ ಎತ್ತಿಕೊಟ್ಟರು. ಮೇಡಂ ತೆಗೆದುಕೊಳ್ಳಲಿಲ್ಲ. ಯಾರದ್ದು ಅಂತ ಕೇಳ್ದೆ ಎಂದು ಇನ್ನೊಮ್ಮೆ ಅಂದರು.

“ನಮ್ಮದು” ಎಂದರು ಸಾರ್, ಬೇರೆ ದಾರಿ ಕಾಣದೆ.

“ನಮ್ಮದಲ್ಲ. ನಂದು. ನಿಮ್ಮ ಪುಸ್ತಕದಲ್ಲಿರೋದು ಪಾತ್ರೆ ತೊಳೀತಾ ನಾನು ಹೇಳಿದ್ದು. ನೀವು ಪಕ್ಕದಲ್ಲಿ ಬಟ್ಟೆ ಹಿಡ್ಕೊಂಡು ಒರೆಸ್ತಾ ನಿಂತಿದ್ರಿ. ಇವರು ಯಾಕೆ ಬಾಯಿ ಬಿಡಲ್ಲ ಗೊತ್ತಾ, ಆ ಕಡೆಯವರು ಮೊದಲು ತಪ್ಪಾಯ್ತು ಅನ್ನಲಿ ಅಂತ ಇಬ್ಬರೂ ಕಾಯ್ತಿರ್ತಾರೆ ಅಂದೆ. ಹೌದೋ ಅಲ್ವೋ?”

ಸಾರ್ ಪ್ರೇಕ್ಷಕರ ಕಡೆ ನೋಡಿದರು, ದೋಣಿ ಇರಬೇಕಾದ ಕಡೆ ನೋಡಿದರು. ದೋಣಿ ಅಲ್ಲೇ ಇದೆ ಎಂದು ಕ್ಷೀಣವಾಗಿ ಒಂದು ಪ್ರಯತ್ನ ಮಾಡಿದರು.

“ದೋಣಿ ಮುಳುಗಿ ಹೋಗಲಿ” ಎಂದರು ಮೇಡಂ. “ನಾನು ಒಂದು ವಾಕ್ಯದಲ್ಲಿ ಹೇಳಿದ್ದನ್ನ ನೀವು ಶೂನ್ಯ, ಗೀನ್ಯ ಅಂತ ಮುನ್ನೂರು ಪುಟ ಮಾಡಿದ್ರಿ. ಮಾಡ್ಕೊಳ್ಳಿ. ಮುನ್ನುಡೀಲಿ ಊರೋರಿಗೆಲ್ಲ ಕೃತಜ್ಞತೆ ಹೇಳಿದ್ರಿ. ಕೊನೇಲಿ ಯಾರಿಗೆ ಹೇಳಿದ್ರಿ? ನೀವೇ ಹೇಳಿ.”

“ಅಡುಗೆಮನೆ ಕಿಟಕಿಗೆ” ಎಂದರು ಸಾರ್.

ಹಾಲಿನಲ್ಲಿ ನಗು ಎದ್ದಿತು. ಆ ಸಾಲನ್ನು ವಿಭಾಗದಲ್ಲಿ ಓದದವರಿರಲಿಲ್ಲ. ಅದರ ಮೇಲೆ ಒಬ್ಬ ಹುಡುಗ ‘ಕಿಟಕಿ: ಒಳಗು ಹೊರಗಿನ ರೂಪಕ’ ಎಂದು ಸೆಮಿನಾರನ್ನೇ ಕೊಟ್ಟಿದ್ದ.

“ಅದು ರೂಪಕ” ಎಂದರು ಸಾರ್, ನಗು ಇಳಿದ ಮೇಲೆ. “ಕಿಟಕಿ ಅಂದ್ರೆ ನೀನೇ ಅಂತ ನಿಂಗೆ ಅರ್ಥ ಆಗುತ್ತೆ ಅಂದ್ಕೊಂಡೆ.”

“ನಾನೇನು ಗಾಜಾ?”

ಗ್ರೀಕ್ ಸರ್ ಪಕ್ಕದ ಬಾಗಿಲಿನಿಂದ ಅವಳಿಗೆ ಏನಾದರೂ ಮಾಡು ಎಂದು ಕೈಸನ್ನೆ ಮಾಡುತ್ತಿದ್ದರು. ಇಬ್ಬರನ್ನೂ ಅಲ್ಲಿ ಕೂರಿಸಿದ್ದು ತಾನು. ನಾಳೆ ಇದರ ಭಾರ ಯಾರ ತಲೆಗೆ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕೈಯಲ್ಲಿದ್ದ ಅಧಿಕಾರ ಒಂದೇ. ಮೈಕನ್ನು ಬಾಯಿಗೆ ತಂದು, ಇದ್ದಬದ್ದ ಗಾಂಭೀರ್ಯವನ್ನೆಲ್ಲ ಸೇರಿಸಿ, “ಮೌನ” ಎಂದಳು.

“ನೀನು ಸುಮ್ನಿರಮ್ಮ” ಎಂದರು ಸಾರ್ ಮತ್ತು ಮೇಡಂ, ಒಟ್ಟಿಗೇ.

ಒಟ್ಟಿಗೇ ಅಂದದ್ದಕ್ಕೆ ಅವರಿಗೇ ಆಶ್ಚರ್ಯವಾದಂತಿತ್ತು. ಅವಳು ಮೈಕನ್ನು ಕೆಳಗಿಳಿಸಿ ನಿಂತಳು. ಆಮೇಲೆ ನಡೆದದ್ದು ಮುಕ್ಕಾಲು ಗಂಟೆಯ ಜಗಳ. ಬಣ್ಣದ ವಿಷಯ ಬಂತು, ಬಡ್ತಿಯ ವಿಷಯ ಬಂತು, ಮಗನಿಗೆ ಜ್ವರ ಬಂದಾಗ ಯಾರು ಯಾವ ಸಮ್ಮೇಳನಕ್ಕೆ ಹೋಗಿದ್ದರು ಎಂಬುದು ಬಂತು. ವಿದ್ಯಾರ್ಥಿಗಳ ಗಾಳಿಸುದ್ದಿಯೆಲ್ಲ ನಿಜವೇ ಆಗಿತ್ತು. ಒಮ್ಮೆ ತಪ್ಪಾಯ್ತು ಅಂದಿದ್ದರೂ ಸಾಕಿತ್ತು, ಇಷ್ಟು ವರ್ಷ ಯಾಕೆ ಅನ್ನಲಿಲ್ಲ ಎಂದು ಮೇಡಂ ಕೇಳಿದಾಗ, ನೀನು ಮೊದಲು ಅನ್ನಲಿಲ್ಲವಲ್ಲ ಎಂದರು ಸಾರ್. ಆ ಉತ್ತರ ಬಾಯಿಂದ ಬಿದ್ದ ಮೇಲೆ ಅವರೇ ಅದನ್ನು ಕೇಳಿಸಿಕೊಂಡರು. ಪಾತ್ರೆ ತೊಳೆಯುತ್ತಾ ಆಡಿದ ಮಾತು ಮುನ್ನೂರು ಪುಟಕ್ಕಿಂತ ನಿಜ ಎಂದು ಎಲ್ಲರೆದುರು ತಾವೇ ಸಾಬೀತು ಮಾಡಿದ್ದು ಅವರ ಮುಖದಲ್ಲಿ ಕಾಣಿಸಿತು. ತಲೆ ತಗ್ಗಿಸಿಕೊಂಡು “ತಪ್ಪಾಯ್ತು” ಎಂದರು.

“ಇನ್ನೊಂದ್ಸಲ ಹೇಳಿ. ಹಿಂದೆ ಕೂತೋರಿಗೆ ಕೇಳಿಸಲಿಲ್ಲ.”

ಸಾರ್ ಇನ್ನೊಮ್ಮೆ ಹೇಳಿದರು. ಗ್ರೀಕ್ ಸರ್ ಪರದೆ ಇಳಿಸಿದರು.

ದುಭಾಷಿ ಜಾಣ. ನಾಟಕ ದಾರಿ ತಪ್ಪಿದ್ದು ಕಂಡಕೂಡಲೇ ಅರ್ಥ ಹೇಳುವುದನ್ನು ನಿಲ್ಲಿಸಿ, ನಿಮ್ಮದೇ ಮಾತುಗಳು, ಸ್ವಲ್ಪ ಹಿಗ್ಗಿಸಿದ್ದಾರೆ ಎಂದುಬಿಟ್ಟಿದ್ದ. ನಾಟಕಕಾರರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಕಣ್ಣು ಒರೆಸಿಕೊಂಡರು, ನೆಗಡಿಯೋ ಅಳುವೋ ಹೇಳುವುದು ಕಷ್ಟ. ತಮ್ಮ ದೇಶದಲ್ಲಿ ಮೌನ ಎಂದು ಬರೆದ ಕಡೆ ನಟರು ಬರೀ ಸುಮ್ಮನಿರುತ್ತಾರೆ, ಅದರೊಳಗೆ ಏನಿದೆ ಎಂದು ತೆಗೆದು ತೋರಿಸಿದವರು ನೀವೇ ಮೊದಲು ಎಂದರು. ಮರುದಿನದ ಪತ್ರಿಕೆಯಲ್ಲಿ ಬೇಗ ಎದ್ದುಹೋಗಿದ್ದ ವಿಮರ್ಶಕರು, ನಮ್ಮ ರಂಗಭೂಮಿಯಲ್ಲಿ ಇಷ್ಟು ಸಂಯಮದ ಅಭಿನಯ ಕಂಡದ್ದು ಅಪರೂಪ ಎಂದು ಬರೆದರು.

ಆಮೇಲಿನ ದಿನಗಳಲ್ಲಿ ಮೇಡಂ ಕಾರಿನ ಮುಂದಿನ ಸೀಟಿಗೆ ಬಂದರು. ಇಬ್ಬರೂ ಎಡೆಬಿಡದೆ ಮಾತಾಡಿದರು. ಎದುರುಬದುರು ಬಾಗಿಲು ತೆರೆದಿಟ್ಟುಕೊಂಡು ಕೂತಲ್ಲಿಂದಲೇ ಮಾತಾಡಿದರು, ಕಾರಿಡಾರಿನಲ್ಲಿ ಹೋಗುವವರು ಆ ಮಾತಿನ ಕೆಳಗೆ ಬಗ್ಗಿ ಹೋಗಬೇಕೆನಿಸುತ್ತಿತ್ತು. ಅವಳಿಗೆ ಮೊದಮೊದಲು ಸಂತೋಷವೇ ಆಯಿತು. ಬಲ್ಬು, ಬಾತ್‌ರೂಮು ಅವಳ ತಲೆಯಿಂದ ಇಳಿದಿತ್ತು. ಆದರೆ ಅಧ್ಯಾಯ ತೋರಿಸೋಣ ಎಂದು ಹೋದರೆ ಇಬ್ಬರಲ್ಲಿ ಯಾರಿಗೂ ಪುರುಸೊತ್ತಿಲ್ಲ. ಬಾಗಿಲಲ್ಲಿ ನಿಂತು ನಿಂತು ವಾಪಸು ಬರುವಾಗ, ಹೊಳೆ ದಾಟಿದ ಮೇಲೆ ಅಂಬಿಗನ ಗತಿ ಏನೆಂದು ಅವಳಿಗೆ ತಿಳಿಯಿತು.

ಕೊನೆಗೊಂದು ದಿನ ಅವರೇ ಕರೆಸಿದರು. ಮಾತಿಗೆ ಮಾತು ಬೆಳೆದು, ಆ ದಿನ ಅವಳು ಹೇಳಿದ್ದನ್ನು ಇಬ್ಬರೂ ಹೋಲಿಸಿ ನೋಡಿದ್ದರು. ಸುಳ್ಳು ಸಿಕ್ಕಿಬಿದ್ದಿತ್ತು. ಧನ್ಯವಾದ ಹೇಳುತ್ತಾರೇನೋ ಎಂದು ಒಳಗೆ ಹೋದವಳಿಗೆ, ಸಂಶೋಧಕರಿಗೆ ಸತ್ಯನಿಷ್ಠೆಯೇ ಪ್ರಾಣ, ಆಡದ ಮಾತನ್ನು ಇನ್ನೊಬ್ಬರ ಬಾಯಿಗೆ ತುರುಕುವುದು ಅಪರಾಧ ಎಂದು ಸಾರ್ ಅರ್ಧ ಗಂಟೆ ಬುದ್ಧಿ ಹೇಳಿದರು. ಹೆಂಡತಿಯ ಬಾಯಿಂದ ತೆಗೆದ ಮಾತನ್ನು ಇಷ್ಟು ವರ್ಷ ತನ್ನದೆಂದು ಮಾರಿದ ಮನುಷ್ಯ. ಮೇಡಂ ಪಕ್ಕದಲ್ಲಿ ಕೂತು ತಲೆಯಾಡಿಸಿದರು. ಅದು ಅವಳಿಗೆ ಹೆಚ್ಚು ನೋವು ಮಾಡಿತು. ಆಮೇಲೆ ಸಾರ್ ಇನ್ನೊಂದು ವಿಷಯ ಹೇಳಿದರು. ಶೂನ್ಯದ ಸಿದ್ಧಾಂತವನ್ನು ತಾವು ಕೈಬಿಟ್ಟಿದ್ದೇವೆ. ‘ಕ್ಷಮೆಗಾಗಿ ಕಾಯುವಿಕೆ’ ಎಂದು ಇಬ್ಬರೂ ಸೇರಿ ಹೊಸ ಪುಸ್ತಕ ಬರೆಯುತ್ತಿದ್ದೇವೆ. ಆದ್ದರಿಂದ ಅವಳ ಪ್ರಬಂಧವನ್ನು ಮೊದಲಿನಿಂದ ತಿರುಗಿ ಬರೆಯಬೇಕು.

ಮೂರು ವರ್ಷ ಇಬ್ಬರ ನಡುವೆ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದ್ದವಳು ಆ ದಿನ ಹಾಗೇ ಎದ್ದುಬರಲಿಲ್ಲ.

“ಸಾರ್, ನಿಮ್ಮ ಮನೇಲಿ ಎಷ್ಟು ಕೋಣೆ?”

ಸಾರ್‌ಗೆ ಪ್ರಶ್ನೆ ಅರ್ಥವಾಗಲಿಲ್ಲ. ಲೈಬ್ರರಿ ಸೇರಿಸಿ ಆರು ಎಂದು ಮೇಡಂ ಹೇಳಿದರು.

“ಮಾತು ಬಿಡಬೇಕು ಅಂದ್ರೆ ಹೋಗಿ ಬಾಗಿಲು ಹಾಕ್ಕೊಳ್ಳೋಕೆ ಒಂದು ಕೋಣೆ ಬೇಕು ಮೇಡಂ. ನಮ್ಮನೇಲಿ ಎರಡು ಕೋಣೆ, ಏಳು ಜನ. ಬೆಳಿಗ್ಗೆ ಜಗಳ ಆಡಿದ್ರೆ ಮಧ್ಯಾಹ್ನದೊಳಗೆ ಸೂಜಿ ಕೊಡು, ಕಾಲು ತೆಗಿ ಅಂತ ಅನ್ನಲೇಬೇಕು. ನೀವಿಬ್ರೂ ಶೂನ್ಯ ಅಂತೀರಿ, ಕ್ಷಮೆ ಅಂತೀರಿ. ನಾನು ಓದಿದ ನಾಟಕದಲ್ಲೆಲ್ಲ ಸುಮ್ಮನಿರೋರಿಗೆ ದೊಡ್ಡ ಮನೆ ಇದೆ. ಅದನ್ನ ಯಾರೂ ಬರೆದಿಲ್ಲ.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಇದು ಸಾಹಿತ್ಯವಲ್ಲ, ಮನೆ ಬಾಡಿಗೆಯ ಲೆಕ್ಕ ಎಂದರು ಸಾರ್. ಅವಳು ತನ್ನ ಅಧ್ಯಾಯಗಳನ್ನು ಎತ್ತಿಕೊಂಡು ನೆಟ್ಟಗೆ ಗ್ರೀಕ್ ಸರ್ ಕೋಣೆಗೆ ಹೋಗಿ, ಗೈಡ್ ಆಗುತ್ತೀರಾ ಎಂದು ಕೇಳಿದಳು. ಅವರು ಯೋಚಿಸಿ, ನನಗೆ ಈ ವಿಷಯ ಏನೂ ಗೊತ್ತಿಲ್ಲ, ಆದ್ದರಿಂದ ನಿನಗೆ ತೊಂದರೆಯೂ ಕೊಡಲಾರೆ ಎಂದು ಸಹಿ ಹಾಕಿದರು. ವಿಭಾಗದ ಸಭೆಯಲ್ಲಿ ಧ್ರುವಗಳೆರಡೂ ಒಂದೇ ಸ್ವರದಲ್ಲಿ ವಿರೋಧಿಸಿದವು. ಗ್ರೀಕ್ ಸರ್ ಎಲ್ಲರಿಗೂ ಚಹಾ ತರಿಸಿ, ವಿರೋಧವನ್ನು ದಾಖಲಿಸಿಕೊಂಡು, ಮುಂದಿನ ವಿಷಯಕ್ಕೆ ಹೋದರು.

ಅವಳು ನಾಟಕಗಳನ್ನೆಲ್ಲ ತಿರುಗಿ ಓದಿದಳು. ಈ ಸಲ ಮಾತನ್ನೂ ಅಲ್ಲ, ಮೌನವನ್ನೂ ಅಲ್ಲ, ಬಾಗಿಲುಗಳನ್ನು ಓದಿದಳು. ಯಾರು ಸಿಟ್ಟಾದಾಗ ಯಾವ ಕೋಣೆಗೆ ಹೋಗುತ್ತಾರೆ, ಅಲ್ಲಿ ಕಸ ಗುಡಿಸುವವರು ಯಾರು, ಅವರಿಗೆ ನಾಟಕದಲ್ಲಿ ಮಾತಿದೆಯೇ. ಓದುತ್ತಾ ಹೋದಂತೆ ಅವಳಿಗೆ ಆ ನಾಟಕಗಳ ಮೇಲೆ ಪ್ರೀತಿ ಹುಟ್ಟಿತು. ಬರೆದವರಿಗೆ ಇದೆಲ್ಲ ಗೊತ್ತಿತ್ತು; ಓದಿಸಿದವರಿಗೆ ಗೊತ್ತಿರಲಿಲ್ಲ, ಅಷ್ಟೇ. ದೋಣಿಯ ನಾಟಕದಲ್ಲಿ ಕೂಡ, ಆ ದಂಪತಿ ಸುಮ್ಮನೆ ಕೂತಿರುವಾಗ ಹಿಂದಿನ ಕೋಣೆಯಲ್ಲಿ ಯಾರೋ ನೆಲ ಉಜ್ಜುವ ಸದ್ದು ಎಂದು ಒಂದು ಸೂಚನೆ ಇತ್ತು. ಸಾರ್ ಅದನ್ನು ಪ್ರದರ್ಶನದಿಂದ ಕಿತ್ತುಹಾಕಿದ್ದರು, ಮೌನ ಕೆಡುತ್ತದೆ ಎಂದು.

ಪ್ರಬಂಧ ಮುಗಿದು ವೈವಾ ದಿನ ಬಂತು. ಯಾರು ಬೇಕಾದರೂ ಕೂತು ಕೇಳಬಹುದಾದ್ದರಿಂದ ಅಮ್ಮ, ಅತ್ತಿಗೆ ಹಿಂದಿನ ಸಾಲಿನಲ್ಲಿ ಬಂದು ಕೂತರು. ಸಾರ್, ಮೇಡಂ ಮುಂದಿನ ಸಾಲಿನಲ್ಲಿ. ಹೊರಗಿನಿಂದ ಬಂದ ಪರೀಕ್ಷಕರು ಎರಡು ಸುಲಭದ ಪ್ರಶ್ನೆ ಕೇಳಿದರು. ಸಾರ್ ಎದ್ದು, ದೊಡ್ಡ ಮನೆಯಲ್ಲಿ ಮಾತಾಡುವವರೇ ಇಲ್ಲವೇ ಎಂದು ಕೇಳಿದರು. ಏನಾದರೂ ಬೇಕಾದಾಗ ಮಾತಾಡುತ್ತಾರೆ ಎಂದಳು. ಯಾರೋ ನಕ್ಕರು, ಸಾರ್ ಕೂತರು. ಆಮೇಲೆ ಮೇಡಂ ಎದ್ದರು. ಅವರ ಪ್ರಶ್ನೆ ಹರಿತವಾಗಿತ್ತು.

“ಹಾಗಾದ್ರೆ ಚಿಕ್ಕ ಮನೆಯವರು ಸುಮ್ಮನಿರೋದೇ ಇಲ್ಲ ಅಂತೀಯಾ? ಅವರ ಬಾಯಲ್ಲಿ ಎಲ್ಲ ಬಂದುಬಿಡುತ್ತಾ?”

ಅವಳು ಇದಕ್ಕೆ ತಯಾರಾಗಿ ಬಂದಿರಲಿಲ್ಲ. ಮುಂದಿದ್ದ ಪ್ರಬಂಧವನ್ನು ಮುಚ್ಚಿದಳು.

“ಇಲ್ಲ ಮೇಡಂ. ಅವರೂ ಸುಮ್ಮನಿರ್ತಾರೆ. ಆದ್ರೆ ಮನೇಲಲ್ಲ, ಸಂಬಳ ಕೊಡೋರ ಎದುರಿಗೆ, ಸಹಿ ಹಾಕೋರ ಎದುರಿಗೆ. ಅದನ್ನ ನಾನು ಪ್ರಬಂಧದಲ್ಲಿ ಬರೆದಿಲ್ಲ. ಬರೀಬೇಕಿತ್ತು.”

ಮೇಡಂ ಅವಳನ್ನೇ ನೋಡಿದರು. ಏನೋ ಹೇಳಹೊರಟು, ಪಕ್ಕದಲ್ಲಿದ್ದ ಗಂಡನ ಕಡೆ ಒಮ್ಮೆ ನೋಡಿ, ಸಾಕು ಎಂದು ಕೂತರು. ಪರೀಕ್ಷಕರು ಕಾಗುಣಿತದ ತಪ್ಪು ತಿದ್ದಿಕೊಡಲು ಹೇಳಿ ಪದವಿಗೆ ಶಿಫಾರಸು ಮಾಡಿದರು. ಗ್ರೀಕ್ ಸರ್ ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟಿದರು, ಪ್ರಬಂಧದ ಮೊದಲ ಅಧ್ಯಾಯ ಬಿಟ್ಟು ಏನೂ ಓದಿರದಿದ್ದರೂ.

ಹೊರಗೆ ಕಾರಿಡಾರಿನಲ್ಲಿ ಅಮ್ಮ ಅವಳ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು, ಆದರೆ ಬಾಯಿ ಆಗಲೇ ಬೇರೆ ಕಡೆ ಹೋಗಿತ್ತು. ಪರೀಕ್ಷೆ ಮಾಡಿದವರ ಕೋಟಿನ ತೋಳು ಒಂದು ಉದ್ದ ಒಂದು ಗಿಡ್ಡ, ಯಾರು ಹೊಲಿದರೋ ಪಾಪ ಎಂದಳು. ಪ್ರಶ್ನೆ ಕೇಳಿದ ಗಡ್ಡದವರು, ಆ ಹೆಂಗಸು ಗಂಡ ಹೆಂಡತಿ ಅಲ್ವಾ ಎಂದು ಅತ್ತಿಗೆ ಕೇಳಿದಳು. ಹೌದು ಎಂದಳು ಅವಳು.

“ನೋಡಿದ್ರೇ ಗೊತ್ತಾಗುತ್ತೆ” ಎಂದಳು ಅಮ್ಮ. “ಎಷ್ಟು ಅನ್ಯೋನ್ಯವಾಗಿದ್ದಾರೆ. ನಿಂಗೆ ಬಹಳ ಸಹಾಯ ಮಾಡಿರ್ಬೇಕು.”

ಅವಳು ಹೇಳಲು ಶುರುಮಾಡಿದಳು. ಬಲ್ಬಿನಿಂದ ಶುರುಮಾಡಿದಳು. ಗೇಟು ದಾಟುವಷ್ಟರಲ್ಲಿ ಎರಡು ಸುಳ್ಳಿನ ತನಕ ಬಂದಿತ್ತು. ಅತ್ತಿಗೆ ನಡುನಡುವೆ ತನ್ನ ತವರಿನ ಒಂದು ಜಗಳ ಸೇರಿಸುತ್ತಿದ್ದಳು, ಅಮ್ಮ ಅದಕ್ಕೆ ಉತ್ತರ ಕೊಡುತ್ತಿದ್ದಳು. ಕಥೆ ಅಡುಗೆಮನೆ ಕಿಟಕಿಗೆ ಬರುವಾಗ ಬಸ್ಸು ಬಂತು. ಒಂದೇ ಸೀಟು ಖಾಲಿ ಇತ್ತು. ಡಾಕ್ಟರ್ ಕೂತ್ಕೊಳ್ಳಲಿ ಎಂದು ಅಮ್ಮ ಅವಳನ್ನು ಅದರೊಳಗೆ ತಳ್ಳಿ, ಕಂಬಿ ಹಿಡಿದು ನಿಂತು, “ಹೂಂ, ಆಮೇಲೆ ಕಿಟಕಿಗೆ ಏನಂದ್ರು?” ಎಂದು ಕೇಳಿದಳು. ಮುಂದಿನ ಸೀಟಿನವರೂ ತಿರುಗಿ ಕೂತರು.